ಬಿಚ್ಚಿದ ಹೊಲಿಗೆ

ಗೋಣೆಪ್ಪ ಕುಕ್ಕರಗಾಲಲ್ಲಿ ಕೂತು ಚಟ್ಟದ ಬಿದಿರಿಗೆ ಹೆಗಲು ಕೊಟ್ಟವನು, ನಾಲ್ಕನೆಯ ಹೆಗಲಿಲ್ಲದೆ ಏಳಲಾರದೆ ಅಲ್ಲಿಂದಲೇ ಕೂಗಿದ.

“ಇನ್ನೊಬ್ಬರು ಬರ್ರಿಪಾ! ಎಷ್ಟೊತ್ತು ಹಿಂಗಽ ಕುಂದರಲಿ?”

ಕಟ್ಟೆಯ ಮೇಲಿದ್ದ ಗಂಡಸರು ತಮ್ಮ ತಮ್ಮ ಹೆಂಡಿರ ಮುಖ ನೋಡಿದರು. ಹೆಂಡಿರು ಸೆರಗನ್ನು ಬಾಯಿಗೆ ಹಿಡಿದಿದ್ದರು, ಆದರೆ ಒಬ್ಬರ ಕಣ್ಣೂ ಒದ್ದೆಯಾಗಿರಲಿಲ್ಲ. ಸವಡಿ ಊರಿನ ಕೌದಿ ಕೇಂದ್ರದಲ್ಲಿ, ಈಗ ಚಟ್ಟದ ಮೇಲಿದ್ದ ಫಕೀರವ್ವ ಹೊಲಿಗೆ ಬಿಚ್ಚಿಸದ ಹೆಂಗಸು ಅವರಲ್ಲಿ ಯಾರೂ ಇರಲಿಲ್ಲ.

“ನಂದು ಒಂದಽ ಕೌದಿ ಮೂರ ಸಲ ಬಿಚ್ಚಸ್ಯಾಳ” ಎಂದು ಒಬ್ಬಳು ಪಕ್ಕದವಳ ಕಿವಿಯಲ್ಲಿ ಹೇಳಿದಳು. “ಆಕಿ ಸಲುವಾಗಿ ಅಳೂದೆಲ್ಲಾ ಅವತ್ತಽ ಅತ್ತ ಮುಗಿಸೇನಿ.”

ಕೇಂದ್ರ ನಡೆಸುವ ಮುಬೀನಾ ಗಜೇಂದ್ರಗಡದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಅವಳು ಎದ್ದು ಹೋಗಿ ಬಿದಿರಿನ ನಾಲ್ಕನೆಯ ತುದಿಗೆ ಕೈ ಹಾಕಿದಳು.

“ಆಚೆ ಸರಿಯವ್ವಾ ನೀ. ಹೆಣ್ಣಮಕ್ಕಳು ಹೆಗಲ ಕೊಡಾಂಗಿಲ್ಲ” ಎಂದ ಗೋಣೆಪ್ಪ.

“ಹಂಗಾರ ಗಂಡಸರು ಏಳ್ರಿ” ಎಂದಳು ಮುಬೀನಾ, ಕಟ್ಟೆಯ ಕಡೆ ತಿರುಗಿ.

ಟ್ರ್ಯಾಕ್ಟರ್ ಓಡಿಸುವವನೊಬ್ಬ ನಾಚಿಕೊಂಡು ಎದ್ದು ಬಂದ. ಚಟ್ಟ ಮೇಲೆದ್ದಿತು. ಗೋಣೆಪ್ಪ ಸತ್ತವಳ ಮೈದುನ; ಅಣ್ಣ ತೀರಿದ ಮೇಲೆ ಅತ್ತಿಗೆಯೊಂದಿಗೆ ಅವನದೂ ಮಾತು ಅಷ್ಟಕ್ಕಷ್ಟೇ ಇತ್ತು. “ಇದ್ದಾಗ ಒಬ್ಬರ ಕೂಡಾನೂ ಚಲೋ ಇರಲಿಲ್ಲ. ಸತ್ತ ಮ್ಯಾಲೆ ನಾ ಎಲ್ಲಾರ ಕಾಲ ಹಿಡೀಬೇಕು” ಎಂದು ಗೊಣಗುತ್ತ ಮುಂದಿನ ಹೆಜ್ಜೆ ಇಟ್ಟ.

*

ಮಕ್ಕಳಾಗುವ ಮುಂಚೆಯೇ ಗಂಡನನ್ನು ಕಳೆದುಕೊಂಡ ಫಕೀರವ್ವ ಮೂವತ್ತು ವರ್ಷ ಮಂದಿಯ ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಹಚ್ಚಿ, ಕೌದಿ ಹೊಲಿದುಕೊಟ್ಟವಳು. ಕೂಲಿಯೆಂದರೆ ಎರಡು ಸೇರು ಜೋಳ. ಕೆಲವು ಮನೆಗಳಲ್ಲಿ ಬರೀ ಒಂದು ಊಟ. ಹತ್ತು ವರ್ಷದ ಹಿಂದೆ ಮುಬೀನಾ ಊರಿಗೆ ಬಂದು, ಹೊರದೇಶದವರು ಕೌದಿ ಕೊಳ್ಳುತ್ತಾರೆ, ಹೊಲಿದ ಕೈಗೆ ನ್ಯಾಯವಾದ ಬೆಲೆ ಕೊಡುತ್ತಾರೆ ಎಂದಾಗ ಹೆಂಗಸರು ನಕ್ಕಿದ್ದರು.

“ವ್ಯಾಪಾರದಾಗ ನ್ಯಾಯ ಎಲ್ಲಿಂದ ಬರ್ತದ ಯವ್ವಾ?” ಎಂದವಳು ಸಕ್ರವ್ವ. ಫಕೀರವ್ವನ ಪಕ್ಕದಲ್ಲೇ ಕೂತು, ಒಂದೇ ಚೀಲದ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಗೆಳತಿ.

ಕೊಳ್ಳುವವರ ಕರಾರು ಒಂದಿತ್ತು. ಮಕ್ಕಳ ಕೈಯಲ್ಲಿ ಹೊಲಿಸಬಾರದು. ಹೊಲಿಸಿದ ಮನೆಗೆ ಒಂದು ವರ್ಷ ಕೆಲಸವಿಲ್ಲ. ಅದನ್ನು ನೋಡಿಕೊಳ್ಳುವ ಹೊಣೆ ಫಕೀರವ್ವನ ಮೇಲೆ ಬಿತ್ತು. ಅವಳು ಪ್ರತಿ ಕೌದಿಯನ್ನೂ ಮಗುಚಿ ಹಾಕಿ, ಕಣ್ಣು ಮುಚ್ಚಿ, ಹೊಲಿಗೆಯ ಸಾಲಿನ ಮೇಲೆ ಹೆಬ್ಬೆರಳು ಓಡಿಸುತ್ತಿದ್ದಳು. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಸಕ್ರವ್ವನ ಕೌದಿಯ ಮೂಲೆಯೊಂದರಲ್ಲಿ ಆ ಹೆಬ್ಬೆರಳು ನಿಂತುಬಿಟ್ಟಿತು.

“ಈ ಮೂಲಿ ಯಾರು ಹೊಲದಾರ?”

“ನಾನಽ.”

“ಸುಳ್ಳ ಹೇಳಬ್ಯಾಡ ಸಕ್ರಿ. ನಿನ್ನ ಕೈ ನನಗ ಗೊತ್ತಿಲ್ಲೇನ? ಲಕ್ಷ್ಮೀನ ಕರಿ.”

ಸಕ್ರವ್ವನ ಮಗಳು ಲಕ್ಷ್ಮೀ ಶಾಲೆ ಮುಗಿಸಿ ಬಂದು ಪಾಟೀಚೀಲದ ಸಮೇತ ಬಾಗಿಲಲ್ಲೇ ನಿಂತಿದ್ದಳು. ಹನ್ನೊಂದು ವರ್ಷ. ಫಕೀರವ್ವ ಅವಳ ಕೈ ಹಿಡಿದೆತ್ತಿ, ಕೂತಿದ್ದ ಹದಿನಾರು ಹೆಂಗಸರಿಗೂ ತೋರಿಸಿದಳು. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಎರಡು ಮೂರು ಚುಕ್ಕೆಗಳಿದ್ದವು.

“ಬರೇ ಒಂದ ಗಿಣಿ ಹಚ್ಚ್ಯಾಳವ್ವಾ” ಸಕ್ರವ್ವನ ದನಿ ಇಳಿಯಿತು. “ತಾನಽ ಹಟಾ ಮಾಡಿ ಹಚ್ಚಿದ್ಲು. ಸಾಲಿ ಒಂದ ದಿನಾನೂ ಬಿಡಿಸಿಲ್ಲ ನಾ.”

“ಇವತ್ತ ಗಿಣಿ, ನಾಳೆ ಅರ್ಧ ಕೌದಿ. ನಾ ಎಂಟ ವರ್ಷದಾಕಿದ್ದಾಗ ನಮ್ಮವ್ವನೂ ಹಿಂಗಽ ಅಂದಿದ್ಲು. ಆಮ್ಯಾಲೆ ಸಾಲಿ ಬಾಗಲಾ ನಾ ನೋಡಲಿಲ್ಲ.”

ಹಾಗೆಂದು ಬ್ಲೇಡು ತೆಗೆದುಕೊಂಡು ಆ ಹಸಿರು ಬಟ್ಟೆಯ ಗಿಣಿಯ ಸುತ್ತಲಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಲಕ್ಷ್ಮೀ ನೋಡುತ್ತ ನಿಂತಿದ್ದಳು.

*

ಹೆಣ ಅಗಸೆಬಾಗಿಲು ದಾಟಿ ಕೆಳಗಿನ ಓಣಿಗೆ ಹೊರಳಿದಾಗ ಮುಂದಿದ್ದ ಗೋಣೆಪ್ಪ ಗಕ್ಕನೆ ನಿಂತ. ಓಣಿಯ ನಡುಮಧ್ಯೆ, ನುಲಿಹಗ್ಗ ಹೆಣೆದ ಹೊರಸು ಮಂಚ ಅಡ್ಡ ಹಾಕಿಕೊಂಡು ಸಕ್ರವ್ವ ಕೂತಿದ್ದಳು.

“ಈ ಓಣ್ಯಾಗ ಆಕಿ ಹಾಯಂಗಿಲ್ಲ.”

“ಏ ಸಕ್ರವ್ವಾ, ಹುಚ್ಚ ಹಿಡದದೇನ ನಿನಗ? ಎತ್ತಿದ ಹೆಣಾ ಇಳಸಾಂಗಿಲ್ಲ, ಬಾಜೂಕ ಸರಿ!”

“ಹೊಲದ ಹಾದಿ ಐತಲ್ಲ? ಬದುಕಿದ್ದಾಗ ಅಲ್ಲೇ ತಿರಗ್ಯಾಡಿದ್ಲು. ಈಗೂ ಅಲ್ಲೇ ಹೋಗ್ಲಿ.”

ಮೂರು ದಿನದ ಜಡಿಮಳೆಗೆ ಎರೆಹೊಲದ ಹಾದಿ ಮೊಣಕಾಲುದ್ದ ರಾಡಿಯಾಗಿತ್ತು. ಚಟ್ಟ ಹೊತ್ತು ಅಲ್ಲಿ ಹತ್ತು ಹೆಜ್ಜೆ ಇಡುವುದೂ ಆಗದ ಮಾತು. ಹಿಂದೆ ಬಂದ ಹೆಂಗಸರು ಗೋಡೆಗಳಿಗೆ ಆತು ನಿಂತರು. ಪಕ್ಕಕ್ಕೆ ಸರಿ ಎಂದು ಸಕ್ರವ್ವನಿಗೆ ಹೇಳಲು ಅವರಲ್ಲಿ ಒಬ್ಬಳೂ ಮುಂದೆ ಬರಲಿಲ್ಲ.

*

ಕೆಲಸ ನಿಂತ ವರ್ಷ ಸಕ್ರವ್ವ ಮಂದಿಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಹೋದಳು. ವರ್ಷ ತುಂಬಿದ ದಿನವೇ ಫಕೀರವ್ವ ಅವಳ ಬಾಗಿಲಿಗೆ ಬಂದಿದ್ದಳು.

“ವರ್ಷ ಮುಗೀತು. ನಾಳಿಂದ ಬಾ.”

“ತಪ್ಪಾತು ಅನ್ನು, ಬರ್ತೀನಿ.”

“ಗಿಣಿ ಬಿಚ್ಚಿದ್ದು ತಪ್ಪಲ್ಲ.”

“ಮಂದ್ಯಾಗ ನನ್ನ ಮಗಳ ಕೈ ಎತ್ತಿ ತೋರಿಸಿದ್ದು? ಕಳವು ಮಾಡಿದಾಕಿಗತೆ?”

ಫಕೀರವ್ವ ಹೊಸ್ತಿಲ ಹೊರಗಿನಿಂದಲೇ ತಿರುಗಿ ನಡೆದಳು. ಅಂದಿನಿಂದ ಆರು ವರ್ಷ, ಕೇಂದ್ರಕ್ಕೆ ಹೋಗಲು ಸಕ್ರವ್ವನ ಮನೆಯಿರುವ ಈ ಓಣಿಯಿಂದ ನಾಲ್ಕೇ ಹೆಜ್ಜೆಯಾದರೂ, ಬಿಸಿಲಿರಲಿ ರಾಡಿಯಿರಲಿ, ಸುತ್ತುಬಳಸಿ ಹೊಲದ ಹಾದಿಯಲ್ಲೇ ಓಡಾಡಿದಳು. ನಿನ್ನೆ, ಸೋಮವಾರ ಸಂಜೆ, ಕೇಂದ್ರದಲ್ಲಿ ಮಗುಚಿದ ಕೌದಿಯೊಂದರ ಮೇಲೆ ಹಾಗೆಯೇ ಬಾಗಿದವಳು ಮತ್ತೆ ಏಳಲಿಲ್ಲ.

*

“ಸಕ್ರವ್ವಾ, ಹೊತ್ತವರ ಹೆಗಲರೆ ನೋಡು” ಎಂದು ಮುಬೀನಾ ಮುಂದೆ ಬಂದಳು. “ಆಕಿ ಅಷ್ಟ ಬಿರುಸ ಇದ್ದಿದ್ದಕ್ಕಽ ಈ ಊರಾಗ ಹುಡಿಗ್ಯಾರು ಸಾಲಿ ಕಂಡಾರ. ನಿನ್ನ ಮಗಳು ಇವತ್ತ ರೋಣದ ಕಾಲೇಜಿಗೆ ಹೋಗಾಕತ್ತಾಳಂದ್ರ...”

“ಆ ಮಾತ ಆಡಬ್ಯಾಡ್ರಿ ಅಕ್ಕಾರ.”

ಲಕ್ಷ್ಮೀ ಮನೆಯೊಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಈಗ ಹದಿನೆಂಟು ವರ್ಷ. ಅವ್ವನಿಗಿಂತ ಒಂದು ಗೇಣು ಎತ್ತರ.

“ನನ್ನ ಸಾಲಿಗೆ ಕಳಿಸಿದಾಕಿ ನಮ್ಮವ್ವ. ಮೆಣಸಿನಕಾಯಿ ಖಾರಕ್ಕ ರಾತ್ರಿ ಕೈ ಉರೀತಾವಂತ ಅಳಕೋಂತ ಕಳಿಸ್ಯಾಳ. ಆ ಗಿಣಿ ನಂದಿತ್ತು. ನಾನಽ ಕತ್ತರಿಸಿದ್ದೆ, ನಾನಽ ಹಚ್ಚಿದ್ದೆ. ನನಗ ಯಾರೂ ಹೊಲಿ ಅಂದಿರಲಿಲ್ಲ. ಆಕಿ ಬಿಚ್ಚಿದ ದಿನದಿಂದ ನಾ ಸೂಜಿ ಮುಟ್ಟಿಲ್ಲ, ಗೊತ್ತೈತೇನ್ರಿ ನಿಮಗ?”

ಮುಬೀನಾ ಒಂದು ಹೆಜ್ಜೆ ಹಿಂದೆ ಸರಿದಳು.

“ಹಂಗ ಹೇಳು!” ಎಂದಳು ಸಕ್ರವ್ವ.

“ನೀನೇನ ಕಡಿಮಿ?” ಲಕ್ಷ್ಮೀ ಅವ್ವನ ಕಡೆ ತಿರುಗಿದಳು. “ನನ್ನ ಹೆಸರ ಹೇಳಿ ಏಳ ವರ್ಷ ಬೈದಿ. ಆಕಿ ನನ್ನ ಸಲುವಾಗಿ ಬಿಚ್ಚಿದ್ಲಂತ, ನೀ ನನ್ನ ಸಲುವಾಗಿ ಹಗೆ ಹಿಡದಿಯಂತ. ಇಬ್ಬರಾಗ ಒಬ್ಬರರೆ ನನ್ನ ಕೇಳಿದ್ರೇನು? ಏಳು ಮ್ಯಾಲೆ.”

“ಏಳಂಗಿಲ್ಲ. ಬೇಕಾರ ನನ್ನ ತುಳಕೊಂಡ ಒಯ್ರಿ.”

ಟ್ರ್ಯಾಕ್ಟರಿನವನ ಹೆಗಲು ಜಾರಿ ಚಟ್ಟ ಒಂದು ಕಡೆ ವಾಲಿತು. ಹೆಂಗಸರಿಂದ ಒಂದು ಉದ್ಗಾರ ಹೊರಟಿತು. ಲಕ್ಷ್ಮೀ ಇಳಿದು ಬಂದು ಹೊರಸಿನ ಕಾಲಿಗೆ ಎರಡೂ ಕೈ ಹಾಕಿದಳು. ನೆರವಿಗೆ ಬಗ್ಗಿದ ಮುಬೀನಾಳಿಗೆ “ಮುಟ್ಟಬ್ಯಾಡ್ರಿ” ಎಂದಳು. ಮೇಲೆ ಕೂತ ಅವ್ವನ ಸಮೇತ ಹೊರಸನ್ನು ಒಬ್ಬಳೇ ಎಳೆದಳು. ಅದರ ಕಾಲುಗಳು ಹಾಸುಗಲ್ಲಿಗೆ ತಿಕ್ಕಿ ಕರ್ರೆಂದವು. ಸಕ್ರವ್ವ ಎರಡೂ ಬದಿ ಗಟ್ಟಿಯಾಗಿ ಹಿಡಿದುಕೊಂಡಳೇ ಹೊರತು ಇಳಿಯಲಿಲ್ಲ. ಗೋಡೆಗೆ ತಾಗಿದ ಮೇಲೆ ಲಕ್ಷ್ಮೀ ಬಿಟ್ಟು, ಉಸಿರು ಬಿಡುತ್ತ, ಹೆಣದ ಕಡೆಯೂ ನೋಡದೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಓಣಿ ಇಕ್ಕಟ್ಟಿನದು. ಚಟ್ಟದ ಬಿದಿರು ಸಕ್ರವ್ವನ ತಲೆಯಿಂದ ಒಂದು ಗೇಣು ದೂರದಲ್ಲಿ ಹಾಯ್ದಿತು. ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು.

“ಹೋಗು, ಹಾಳಾಗಿ ಹೋಗು” ಎನ್ನುತ್ತಿದ್ದಳು ಗೋಡೆಗೆ. “ಒಂದ ಮಾತ ಅಂದಿದ್ರ ಏನ ಗಂಟ ಹೋಗತಿತ್ತು ನಿಂದು? ಒಂದ ಮಾತ. ಹಟಮಾರಿ. ಹೋಗು.”

ಗೋಣೆಪ್ಪನ ಹೆಂಡತಿ ಹೆಣದ ಮೇಲೆ ತೂರುತ್ತಿದ್ದ ಚುರಮರಿ ಅವಳ ಬೆನ್ನ ಮೇಲೆ, ಹೆಗಲ ಮೇಲೆ, ನರೆತ ತಲೆಗೂದಲಲ್ಲಿ ಬಿತ್ತು. ಮಂದಿ ಓಣಿಯ ತುದಿಯಲ್ಲಿ ಹೊರಳಿ ಕಣ್ಮರೆಯಾದರು. ಎಲ್ಲಿಂದಲೋ ಕೋಳಿಯೊಂದು ಮರಿಗಳನ್ನು ಕರೆದುಕೊಂಡು ಬಂದು ಹೊರಸಿನ ಸುತ್ತ ಚೆಲ್ಲಿದ್ದ ಚುರಮರಿ ಹೆಕ್ಕತೊಡಗಿತು. ತಲೆಯ ಮೇಲೆ ಬಿದ್ದದ್ದನ್ನು ಸಕ್ರವ್ವ ಝಾಡಿಸಿಕೊಳ್ಳಲಿಲ್ಲ. ಬೈಗುಳವನ್ನೂ ನಿಲ್ಲಿಸಲಿಲ್ಲ.