ಕಂಡಕ್ಟರಕ್ಕ ಅಂಗಳ ಒಡೆದದ್ದು

ಒಂದು ಬೆಳಿಗ್ಗೆ ಗಾಳಿಯೂ ಇಲ್ಲದೆ ಕಂಡಕ್ಟರಕ್ಕನ ಅಂಗಳದ ಹುಣಸೆ ಮರದ ತೋಳುಗಾತ್ರದ ಕೊಂಬೆಯೊಂದು ಮುರಿದು ಪಕ್ಕದ ಮನೆಯ ದರ್ಜಿಯ ತಗಡಿನ ಸೂರಿನ ಮೇಲೆ ಬಿತ್ತು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದಂತೆಯೇ ಅವನು ಕಾಂಪೌಂಡಿನ ಹತ್ತಿರ ಓಡಿಬಂದ.

"ಅಕ್ಕಾ, ಈ ಮರ ಕಡಿಸಿಬಿಡಿ. ಇವತ್ತು ತಗಡು, ನಾಳೆ ನನ್ನ ತಲೆ!"

"ನಿನ್ನ ತಲೆ ಗಟ್ಟಿ ಇದೆ ಬಿಡಪ್ಪ, ಕೊಂಬೆಗೇ ಪೆಟ್ಟಾಗುತ್ತೆ" ಎಂದು ಆಕೆ ನಕ್ಕಳು. ಆದರೆ ಬಿದ್ದ ಕೊಂಬೆಯನ್ನು ಎತ್ತಿ ಮುರಿದು ನೋಡಿದಾಗ ನಗು ನಿಂತಿತು. ಒಳಗೆ ಹಸಿ ಎನ್ನುವುದೇ ಇರಲಿಲ್ಲ. ತಲೆಯೆತ್ತಿ ನೋಡಿದಳು. ತುದಿಯ ಕೊಂಬೆಗಳೆಲ್ಲ ಬೋಳಾಗಿ, ಅವುಗಳ ನಡುವೆ ಆಕಾಶ ಕಾಣುತ್ತಿತ್ತು. ದಿನಾ ಕಣ್ಣೆದುರಿಗೇ ಇದ್ದದ್ದು ತನಗೆ ಯಾಕೆ ಕಾಣಲಿಲ್ಲ?

ಬೀದಿಯವರು ಆಕೆಯನ್ನು ಕಂಡಕ್ಟರಕ್ಕ ಎನ್ನುತ್ತಿದ್ದರು. ಪ್ರಾಯವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದು, ಕಿಕ್ಕಿರಿದ ಜನರ ನಡುವೆ ಮೊಣಕೈಯಿಂದ ದಾರಿ ಮಾಡಿಕೊಂಡು, ಈಗ ನಿವೃತ್ತಿಯಾಗಿ ಮನೆಯಲ್ಲಿದ್ದಳು. ಗಂಡ ಗಾರೆ ಮೇಸ್ತ್ರಿ. ಇಬ್ಬರೂ ದುಡಿದು ಈ ಜಾಗ ಕೊಂಡಾಗ ಇಲ್ಲಿ ಇದ್ದದ್ದು ಈ ಮರವೊಂದೇ. ಗೋಡೆ ಏಳುವ ತನಕ ಸಂಸಾರ ಅದರ ಕೆಳಗೇ ನಡೆದಿತ್ತು. ಮಗಳು ಅದರ ಕೊಂಬೆಗೆ ಕಟ್ಟಿದ ಜೋಲಿಯಲ್ಲೇ ಮಲಗಿ ಬೆಳೆದಿದ್ದಳು. ಆಗಲೇ ಅದು ಹಳೆಯ ಮರ. "ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ?" ಎಂದು ಮೇಸ್ತ್ರಿ ಮರಕ್ಕೆ ಹೇಳುವಂತೆ ಹೆಂಡತಿಯನ್ನು ರೇಗಿಸುತ್ತಿದ್ದ.

ಆಕೆಯ ಬಸ್ಸಿನಲ್ಲಿ ದಿನವೂ ಓಡಾಡುತ್ತಿದ್ದ ಹೆಂಗಸೊಬ್ಬಳು ಉದ್ಯಾನದಲ್ಲಿ ಮರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಕಂಡಕ್ಟರಕ್ಕ ಫೋನ್ ಮಾಡಿದ್ದೇ ತಡ, ಆಕೆ ಬಂದಳು. ಕಾಂಡವನ್ನು ತಟ್ಟಿ ನೋಡಿದಳು, ಸುತ್ತ ನಡೆದಳು, ಕೊನೆಗೆ ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತಳು.

ಅದು ಮೇಸ್ತ್ರಿಯ ಅಂಗಳ. ಕೆಲಸ ಬಿಡುವ ಮುನ್ನ ತನಗಾಗಿ ಮಾಡಿಕೊಂಡದ್ದು. ಗೇಟಿನಿಂದ ಹಿತ್ತಲಿನವರೆಗೆ ಕಾಂಕ್ರೀಟು ಹಾಕಿ, ಮೇಲೆ ಕೆಂಪು ಗಾರೆ ಬಳಿದು, ಕನ್ನಡಿಯ ಹಾಗೆ ಉಜ್ಜಿದ್ದ. ಮರದ ಬುಡಕ್ಕೂ ಬಿಡದೆ ಸುತ್ತ ಬಿಗಿಯಾಗಿ ಅಂಚು ಕೂರಿಸಿದ್ದ. ಇಳಿಜಾರು ಎಷ್ಟು ನಯವೆಂದರೆ ಎಷ್ಟೇ ಮಳೆ ಬರಲಿ, ನೀರು ಒಂದು ಕ್ಷಣವೂ ನಿಲ್ಲದೆ ಚರಂಡಿಗೆ ಹರಿದುಹೋಗುತ್ತಿತ್ತು. ಬೇರೆ ಮೇಸ್ತ್ರಿಗಳು ನೋಡಲೆಂದೇ ಬರುತ್ತಿದ್ದರು.

"ಅಕ್ಕಾ, ಕಾಯಿಲೆ ಇದೇ" ಎಂದು ಆಕೆ ಕಾಲಿನಿಂದ ನೆಲ ತಟ್ಟಿದಳು. "ಬೇರಿಗೆ ಉಸಿರಿಲ್ಲ, ನೀರಿಲ್ಲ. ಕೊಂಬೆಯ ನೆರಳು ಬೀಳೋವಷ್ಟು ದೂರ ಇದನ್ನ ತೆಗೀಬೇಕು. ಮೆಷಿನ್ ಬೇಡ, ಬೇರು ನಜ್ಜಾಗುತ್ತೆ. ಕೈಯಲ್ಲೇ ನಿಧಾನಕ್ಕೆ. ಆಮೇಲೆ ತರಗೆಲೆ ಹೊದಿಸಿ, ಬುಡಕ್ಕೆ ತಾಗದ ಹಾಗೆ. ಒಣಗಿದ ಕೊಂಬೆ ತೆಗೆಯೋಕೆ ನಮ್ಮವರನ್ನ ಕಳಿಸ್ತೀನಿ."

"ಉಳಿಯುತ್ತಾ?"

"ಮಾತು ಕೊಡಲ್ಲ ಅಕ್ಕ. ಹೀಗೇ ಬಿಟ್ರೆ ಹೋಗುತ್ತೆ, ಅದು ಮಾತ್ರ ಖಂಡಿತ."

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದ.

ಊಟಕ್ಕೆ ಕೂತಾಗ ಕಂಡಕ್ಟರಕ್ಕ ಸುತ್ತುಬಳಸಲಿಲ್ಲ. "ರೀ, ಅಂಗಳ ಒಡೀಬೇಕು."

"ತಲೆ ಕೆಟ್ಟಿದೆಯಾ ನಿಂಗೆ? ಅದು ನನ್ನ ಕೊನೇ ಕೆಲಸ ಕಣೇ." ಅವನು ಎರಡೂ ಕೈಗಳನ್ನು ತಟ್ಟೆಯ ಮೇಲೆ ಚಾಚಿದ. ಬೆರಳುಗಳು ತಾವಾಗಿಯೇ ನಡುಗುತ್ತಿದ್ದವು. ವರ್ಷದಿಂದ ವರ್ಷಕ್ಕೆ ಅದು ಹೆಚ್ಚುತ್ತಿತ್ತು. "ಈ ಕೈಯಲ್ಲಿ ಇನ್ನೊಂದು ಸಲ ಆಗುತ್ತಾ, ನೀನೇ ಹೇಳು."

ಆಗುತ್ತದೆ ಎಂದು ಸಮಾಧಾನ ಹೇಳಬಹುದಿತ್ತು. ಆದರೆ ಅವನಿಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. "ಆಗಲ್ಲ, ಗೊತ್ತು. ಮರಕ್ಕೂ ಇನ್ನೊಂದು ಸಲ ಆಗಲ್ಲ."

"ಅಂದ್ರೆ ನನಗಿಂತ ಮರ ಹೆಚ್ಚಾಯ್ತು."

"ಮರಕ್ಕೆ ಬಾಯಿಲ್ಲ. ನಿಮಗಿದೆ, ಬೇಕಾದಷ್ಟಿದೆ. ಬೈಕೊಳ್ಳಿ. ನಾನು ಒಡೆಯೋಳೇ."

ಅವನು ತಟ್ಟೆ ಬಿಟ್ಟು ಎದ್ದುಹೋದ. ಮಗಳಿಗೆ ಫೋನ್ ಹಚ್ಚಿ ದೂರು ಹೇಳಿದ. ಮಗಳು, "ಅಪ್ಪಾ, ಅಮ್ಮ ಸೀಟಿ ಊದಿ ಆಯ್ತು. ಇನ್ನು ಬಸ್ಸು ನಿಲ್ಲುತ್ತಾ?" ಎಂದಳಂತೆ. ಅಲ್ಲಿಂದ ಅವಳ ಮೇಲೂ ಸಿಟ್ಟು.

ಮರುದಿನ ಬೆಳಿಗ್ಗೆ ಕಂಡಕ್ಟರಕ್ಕ ಸೀರೆಯ ಸೆರಗು ಬಿಗಿದು, ಗಂಡನ ಹಳೆಯ ಚೀಲದಿಂದ ಚಾಣ, ಸುತ್ತಿಗೆ ತೆಗೆದುಕೊಂಡು ಅಂಗಳದ ನಡುವೆ ಕೂತಳು. ಮೊದಲ ಏಟಿಗೆ ಚಾಣ ಜಾರಿ ಕೆಂಪು ನೆಲದ ಮೇಲೆ ಬಿಳಿಯ ಗೀರು ಬಿತ್ತು. ಅವಳು ಹೆಬ್ಬೆರಳಿನಿಂದ ಅದನ್ನು ಉಜ್ಜಿ ನೋಡಿದಳು. ನೆಲ ಉಜ್ಜುವಾಗ ಅವನು ಮಂಡಿಯೂರಿ ಕೂತ ರೀತಿ, ಕೆಲಸ ಮುಗಿದ ದಿನ ಯಾರನ್ನೂ ಮೆಟ್ಟಗೊಡದೆ ಗೇಟಿನಲ್ಲಿ ಕಾವಲು ನಿಂತದ್ದು, ಎಲ್ಲ ನೆನಪಾಯಿತು. ಕಣ್ಣು ಒರೆಸಿಕೊಂಡು ಎರಡನೇ ಏಟು ಹಾಕಿದಳು.

ಮೇಸ್ತ್ರಿ ಗೇಟು ದಡಾರನೆ ತೆಗೆದು ಹೊರಗೆ ಹೋದ. ಸಂಜೆ ಬಂದವನು ನೆಲ ನೋಡದೆ ಗೋಡೆಗೆ ಅಂಟಿಕೊಂಡು ಒಳನಡೆದ. ಮನೆಯಲ್ಲಿ ಮಾತು ನಿಂತಿತು. ಉಪ್ಪು ಬೇಕಾದರೆ ತಾನೇ ಎದ್ದು ಹುಡುಕುತ್ತಿದ್ದ. ಸಿಗದಿದ್ದರೆ ಸಪ್ಪೆಯೇ ಉಣ್ಣುತ್ತಿದ್ದ.

ಕೆಲಸ ಮಾತ್ರ ಸಾಗಲೇ ಇಲ್ಲ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಬಟ್ಟೆ ಸುತ್ತಿಕೊಂಡರೂ ಉರಿಯುತ್ತಿತ್ತು. ಬೆಳಗಿನಿಂದ ಬಡಿದರೂ ಒಬ್ಬರು ಕೂರುವಷ್ಟು ಮಣ್ಣೂ ಕಾಣುತ್ತಿರಲಿಲ್ಲ. "ಯಾಕಕ್ಕಾ ಈ ಹಟ? ಕಡಿಸಿದ್ರೆ ಒಂದೇ ದಿನದ ಕೆಲಸ" ಎಂದು ದರ್ಜಿ ಗೋಡೆಯಾಚೆಯಿಂದ ಹೇಳಿದ.

"ನಿನ್ನ ಹೊಲಿಗೆ ಮೆಷಿನ್ ಒಂದು ಸೂಜಿ ಮುರಿದ್ರೆ ಗುಜರಿಗೆ ಹಾಕ್ತೀಯಾ? ಹೋಗು, ಬಟ್ಟೆ ಹೊಲಿ" ಎಂದಳು.

ಒಂದು ಮಧ್ಯಾಹ್ನ ಚಾಣ ಮತ್ತೆ ಜಾರಿ ಕೆಳಗಿದ್ದ ಬೇರಿಗೇ ತಾಗಿತು. ಸಿಪ್ಪೆ ಎದ್ದು ಒಳಗಿನ ತಿಳಿಬಣ್ಣ ಕಂಡಿತು. ಅವಳು ಸುತ್ತಿಗೆ ಕೆಳಗಿಟ್ಟು, ಉಳಿಸಲು ಹೊರಟವಳೇ ಕೊಲ್ಲುತ್ತಿದ್ದೇನೆಯೇ ಎಂದು ಬೇರಿನ ಮೇಲೆ ಕೈಯಿಟ್ಟಳು. ಆಮೇಲೆ ಸುತ್ತಿಗೆ ಎತ್ತಿಕೊಂಡು, ಈ ಸಲ ಹಗುರವಾಗಿ ಬಡಿಯತೊಡಗಿದಳು.

ಒಳಗೆ ಮಲಗಿದ್ದ ಮೇಸ್ತ್ರಿಗೆ ಆ ಸದ್ದು ತಡೆಯಲಾಗಲಿಲ್ಲ. ಅಂಗಳ ಒಡೆಯುವ ನೋವು ಒಂದು ಕಡೆ. ಅಷ್ಟು ಕೆಟ್ಟದಾಗಿ ಒಡೆಯುತ್ತಿರುವುದು ಇನ್ನೊಂದು ಕಡೆ. ದಡದಡನೆ ಹೊರಗೆ ಬಂದ.

"ಅಲ್ಲಿ ಬಡಿದ್ರೆ ಈ ಜನ್ಮದಲ್ಲಿ ಒಡೆಯಲ್ಲ. ನೆಲ ಹಾಕಿದೋನು ನಾನು, ಸಂದು ಎಲ್ಲಿದೆ ಅಂತ ನನ್ನ ಕೇಳಬಾರದಾ?"

"ಕೇಳೋಕೆ ನೀವು ಮಾತಾಡ್ತಿದ್ರಾ?"

ಅವನು ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ನೆಲ ಸವರಿ, ಯಾರ ಕಣ್ಣಿಗೂ ಕಾಣದ ಸಂದೊಂದನ್ನು ಹುಡುಕಿದ. "ಚಾಣ ಹಿಡ್ಕೋ. ಓರೆಯಾಗಿ. ಹಾಂ, ಹಾಗೆ." ಸುತ್ತಿಗೆ ತಾನು ತೆಗೆದುಕೊಂಡ. ಎತ್ತುವಾಗ ಕೈ ನಡುಗಿತು. ಇಳಿಯುವಾಗ ಏಟು ಸರಿಯಾದ ಜಾಗದಲ್ಲೇ ಬಿತ್ತು. ಹಾರೆ ತೂರಿಸಿ ಇಬ್ಬರೂ ಒತ್ತಿದರು. ಚಪ್ಪಡಿಯೊಂದು ಇಡಿಯಾಗಿ ಎದ್ದುಬಂತು.

ಅದನ್ನು ಮಗುಚಿ ಹಾಕಿ ಮೇಸ್ತ್ರಿ ಬಗ್ಗಿ ನೋಡಿದ. ಕಾಂಕ್ರೀಟಿನ ಅಡಿಭಾಗಕ್ಕೆ ಕೂದಲೆಳೆಯಂಥ ಬೇರುಗಳು ಚಪ್ಪಟೆಯಾಗಿ ಹೆಣೆದುಕೊಂಡಿದ್ದವು. ಅಲ್ಲಿ ಬೆವರಿನಂತೆ ಕೂತ ಒಂದಿಷ್ಟು ತೇವಕ್ಕಾಗಿ ಮಣ್ಣು ಬಿಟ್ಟು ಮೇಲೆ ಬಂದು, ಮುಂದೆ ದಾರಿ ಕಾಣದೆ ಕಲ್ಲನ್ನೇ ಅಪ್ಪಿಕೊಂಡಿದ್ದವು. ಅವನು ಅವುಗಳ ಮೇಲೆ ನಿಧಾನವಾಗಿ ಬೆರಳಾಡಿಸಿದ.

"ನೀರು ನಿಲ್ಲಬಾರದು ಅಂತಲೇ ಮಾಡಿದ್ದೆ" ಎಂದ.

"ಗೊತ್ತು ರೀ" ಎಂದಳು. "ಮುಂದಿನದು ಎಲ್ಲಿ ಹಿಡೀಲಿ?"

ಅಲ್ಲಿಂದ ಇಬ್ಬರೂ ಸೇರಿ ಒಡೆದರು. ಉದ್ಯಾನದಿಂದ ಬಂದವರು ಹಗ್ಗ ಕಟ್ಟಿಕೊಂಡು ಹತ್ತಿ ಒಣಕೊಂಬೆಗಳನ್ನು ಇಳಿಸಿದರು. ದರ್ಜಿಯ ಸೂರಿನ ಮೇಲೆ ಚಾಚಿದ್ದ ದೊಡ್ಡ ಕೊಂಬೆಯೂ ಹೋಯಿತು. ಕಡಿದ ಗಾಯಕ್ಕೆ ಸ್ವಲ್ಪ ಸಿಮೆಂಟ್ ಮೆತ್ತಲೇ ಎಂದು ಮೇಸ್ತ್ರಿ ಕೇಳಿದಾಗ ಹೆಂಡತಿ ನೋಡಿದ ನೋಟಕ್ಕೆ ತಾನೇ ನಕ್ಕುಬಿಟ್ಟ. ಗೇಟಿನಿಂದ ಬಾಗಿಲವರೆಗೆ ಒಂದು ಪಟ್ಟಿ ಕೆಂಪು ನೆಲವನ್ನು ಮಾತ್ರ ಅವಳೇ ಉಳಿಸಿದಳು. ಉಳಿದ ಕಡೆಯೆಲ್ಲ ತರಗೆಲೆ. ಬೀದಿ ಗುಡಿಸುವವಳ ಜೊತೆ ಜಗಳವಾಡಿ ಮೇಸ್ತ್ರಿಯೇ ಗೋಣಿಚೀಲ ತುಂಬಿ ತರುತ್ತಿದ್ದ.

ಮೊದಲ ಬೇಸಿಗೆ ಮರ ಇನ್ನಷ್ಟು ಎಲೆ ಉದುರಿಸಿತು. ಅಂಗಳವೂ ಹೋಯಿತು, ಮರವೂ ಹೋಯಿತು ಎಂದು ಜನ ಆಡಿಕೊಂಡರು. ಕಂಡಕ್ಟರಕ್ಕ ಕಿವಿಗೆ ಹಾಕಿಕೊಳ್ಳದೆ ಸಂಜೆ ಸಂಜೆ ಪೈಪನ್ನು ಸಣ್ಣಗೆ ಬಿಟ್ಟು ಮಣ್ಣು ನೆನೆಸಿದಳು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಕಾಂಡದ ನಡುವಿನಿಂದಲೇ ಚಿಗುರು ಒಡೆಯಿತು. ತುದಿ ಮತ್ತೆ ಬರಲಿಲ್ಲ. ಮರ ಮೊದಲಿನದರ ಅರ್ಧವಾಯಿತು, ಆಕಾರಗೆಟ್ಟಿತು. ಆದರೆ ಬದುಕಿತು.

ಕೆಳಗಿನ ಹಳೆಯ ಕೊಂಬೆಯೊಂದು ಹೊಸ ಎಲೆಯ ಭಾರಕ್ಕೆ ಬಾಗತೊಡಗಿದಾಗ, ಅದಕ್ಕೊಂದು ಆಸರೆ ಬೇಕು ಎಂದಳು ಉದ್ಯಾನದವಳು. ಬೇರಿಲ್ಲದ ಜಾಗವನ್ನು ಆಕೆಯೇ ತೋರಿಸಿದಳು. ಮೇಸ್ತ್ರಿ ಇಟ್ಟಿಗೆ ತರಿಸಿದ. ಹೆಂಡತಿ ಗಾರೆ ಕಲಸಿ ಕೊಟ್ಟಳು, ಅವನು ಒಂದೊಂದೇ ಇಟ್ಟಿಗೆ ಕೂರಿಸಿದ. ಕಂಬದ ತಲೆಗೆ ಹಳೆಯ ಟೈರಿನ ತುಂಡು ಮೆತ್ತೆಯಾಗಿ ಇಟ್ಟು ಕೊಂಬೆಯನ್ನು ಒರಗಿಸಿದರು.

ಅವನು ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. "ಓರೆ ಆಯ್ತು."

"ಕೊಂಬೆನೂ ಓರೆನೇ ಇದೆ. ಜೋಡಿ ಸರಿಯಾಯ್ತು ಬಿಡಿ."

"ಬಿಡೋಕಾಗಲ್ಲ ಕಣೇ" ಎಂದು ಅವನು ಮೇಲಿನ ಸಾಲು ಬಿಚ್ಚತೊಡಗಿದ. ಕಂಡಕ್ಟರಕ್ಕ ಗೊಣಗುತ್ತಾ ಬಾಂಡಲಿ ಎತ್ತಿಕೊಂಡು ಇನ್ನೊಂದಿಷ್ಟು ಗಾರೆ ಕಲಸಲು ಹೋದಳು.