ಎಡಗೈ

ಸತ್ತು ಮಲಗಿದ್ದ ಅಮ್ಮನ ಬಲಗೈಯ ಬೆರಳುಗಳನ್ನು ನೆಟ್ಟಗೆ ಮಾಡಲು ಚಿಕ್ಕಮ್ಮ ಒದ್ದಾಡುತ್ತಿದ್ದಳು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಒಂದೊಂದನ್ನೇ ಎಳೆದು ನೋಡಿದಳು. ಮೂರು ಬೆರಳು ಮತ್ತೆ ಒಳಕ್ಕೇ ಮಡಚಿಕೊಂಡವು.

"ಬಿಡು ಚಿಕ್ಕಮ್ಮ," ಎಂದಳು ಮಗಳು. "ಮೂವತ್ತು ವರ್ಷದಿಂದ ಹಾಗೇ ಇದಾವೆ. ಇವತ್ತು ಮಾತು ಕೇಳ್ತಾವಾ?"

"ಬಂದೋರು ನೋಡ್ತಾರಲ್ಲೇ."

"ಎಡಗೈ ಮೇಲಿಡು. ಮುಚ್ಚಿಹೋಗುತ್ತೆ."

ಮಗಳು ಸಿಟಿ ಬಸ್ಸಿನ ಡ್ರೈವರು. ಅಮ್ಮ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಒಡೆದ ಮಡಕೆಗಳನ್ನು ಕೂಡಿಸುತ್ತಿದ್ದವಳು. ಮೂರು, ನಾಲ್ಕು ಸಾವಿರ ವರ್ಷ ಹಳೆಯ ಚೂರುಗಳು ಅವಳ ಮೇಜಿನ ಮೇಲೆ ಗುಡ್ಡೆ ಬಿದ್ದಿರುತ್ತಿದ್ದವು. ಮೊನ್ನೆ ಎದೆ ಹಿಡಿದುಕೊಂಡಂತಾಗುತ್ತಿದೆ ಎಂದು ಕೂತವಳು ಮತ್ತೆ ಏಳಲಿಲ್ಲ.

ಹೊರಗಿನ ಕೋಣೆಯಲ್ಲಿ ಸಂಗ್ರಹಾಲಯದ ಮುಖ್ಯಸ್ಥರು ಬಂದವರಿಗೆ ಹೇಳುತ್ತಿದ್ದರು: "ಎಂಥಾ ಮೃದು ಕೈ ಅಂತೀರಿ. ಇರುವೆ ಕಾಲಡಿ ಸಿಕ್ಕಿದ್ರೂ ನೊಂದ್ಕೊಳ್ಳೋರು."

ಅಮ್ಮನ ತಮ್ಮ, ಲಾರಿ ಮೆಕ್ಯಾನಿಕ್, ಕೈಯಲ್ಲಿದ್ದ ಲೋಟವನ್ನೇ ನೋಡುತ್ತ ಕೂತಿದ್ದ.

* * *

ಮಗಳಿಗೆ ಆಗ ಒಂಬತ್ತು ವರ್ಷ. ಶಾಲೆ ಬಿಟ್ಟಮೇಲೆ ನೆಲಮಾಳಿಗೆಗೆ ಬಂದು ಅಮ್ಮನ ಪಕ್ಕ ಕೂರುತ್ತಿದ್ದಳು. ಅಮ್ಮನ ಮುಂದೆ ಆ ವರ್ಷ ಒಂದು ಗುಡಾಣದ ನೂರಾ ಹನ್ನೆರಡು ಚೂರುಗಳಿದ್ದವು.

"ಇದು ಸಿಕ್ಕಿದ ಮನೆ ಬಾಗಿಲಲ್ಲಿ ಐದು ಜನ ಬಿದ್ದಿದ್ರಂತೆ," ಎಂದಿದ್ದಳು ಅಮ್ಮ. "ಬುರುಡೆ ಮೇಲೆಲ್ಲ ಕೊಡಲಿ ಏಟು. ಕಡಿದು ಹಾಕಿ ಊರಿಗೇ ಬೆಂಕಿ ಇಟ್ಟು ಹೋದ್ರು."

"ಈ ಚೂರಿನ ಮೇಲಿನ ಚಿತ್ರದಲ್ಲಿರೋಳು ಯಾರು?"

"ಆ ಊರಿನ ದೇವತೆ. ಪಾತಾಳ ನೋಡ್ಬೇಕು ಅಂತ ಹೋದ್ಳು. ಅಲ್ಲಿ ಅವಳನ್ನ ಕೊಂದು ಮಾಂಸದ ಹಾಗೆ ಕೊಕ್ಕೆಗೆ ನೇತುಹಾಕಿದ್ರು. ಹೇಗೋ ಜೀವ ಬಂತು ಅನ್ನು. ಆದ್ರೆ ಬಿಡಬೇಕಲ್ಲ, ನಿನ್ನ ಬದಲಿಗೆ ಒಬ್ರನ್ನ ಕೊಡು ಅಂದ್ರು. ಮನೆಗೆ ಬಂದು ನೋಡ್ತಾಳೆ, ಗಂಡ ಹೊಸ ಬಟ್ಟೆ ಹಾಕ್ಕೊಂಡು ಹಾಯಾಗಿ ಕೂತಿದಾನೆ. ಇವನನ್ನೇ ತಗೊಂಡು ಹೋಗಿ ಅಂದ್ಳು."

"ನೀನಾದ್ರೂ ಹಾಗೇ ಹೇಳ್ತಿದ್ಯಾ?"

"ನನ್ನನ್ನ ಕೇಳೋರು ಯಾರೇ," ಎಂದು ಅಮ್ಮ ನಕ್ಕಿದ್ದಳು.

ಅವತ್ತು ಮನೆ ಸೇರುವಾಗ ಒಂದು ತಾಸು ತಡವಾಗಿತ್ತು. ಅಪ್ಪ ಬಡಗಿ. ಅವನು ಕೂಗಾಡಲಿಲ್ಲ. ಅಮ್ಮನ ಬಲಗೈಯನ್ನು ಎಳೆದು ಊಟದ ಮೇಜಿನ ಮೇಲೆ ಅದುಮಿ ಹಿಡಿದು ಸುತ್ತಿಗೆಯಿಂದ ಮೂರು ಸಲ ಹೊಡೆದ. "ಇನ್ನು ಕೂಡ್ಸು, ನೋಡೋಣ," ಎಂದ.

ಅಮ್ಮ ಎಡಗೈಯಲ್ಲಿ ಕೂಡಿಸಲು ಕಲಿತಳು. ಮೊದಮೊದಲು ಚಮಚವೂ ಜಾರುತ್ತಿತ್ತು. ವರ್ಷ ತುಂಬುವುದರೊಳಗೆ ಉಗುರಿನಷ್ಟು ಚೂರೂ ಅದರಲ್ಲಿ ಅಲುಗದೆ ನಿಲ್ಲತೊಡಗಿತು. ಆ ಹೊತ್ತಿಗೇ ಒಂದು ಭಾನುವಾರ ಮಧ್ಯಾಹ್ನ ಅಪ್ಪ ಮಗಳ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ. ಎರಡನೆಯ ಸಲ ಚಚ್ಚುವ ಮೊದಲು ಅಮ್ಮ ಅದೇ ಸುತ್ತಿಗೆಯನ್ನು ಎಡಗೈಯಲ್ಲಿ ಎತ್ತಿ ಅವನ ಮುಖಕ್ಕೆ ಬೀಸಿದಳು. ಒಂದೇ ಏಟು. ದವಡೆ ಕಳಚಿತು, ಒಂದು ಕಣ್ಣು ಹೋಯಿತು.

"ಎದ್ರೆ ಇನ್ನೊಂದು," ಎಂದಳು.

ಅವನು ತೆವಳಿಕೊಂಡು ಬಾಗಿಲು ದಾಟಿದ. ಅಮ್ಮ ಮಗಳ ಹಣೆ ತೊಳೆದಳು, ಆಮೇಲೆ ನೆಲ ಒರೆಸಿದಳು.

* * *

"ಅವನು ಬಂದಿದಾನೆ," ಎಂದಳು ಚಿಕ್ಕಮ್ಮ, ಕಿಟಕಿಯಿಂದ ಹಿಂದೆ ಸರಿಯುತ್ತ.

ಅಪ್ಪ ಹೊಸ್ತಿಲಲ್ಲಿ ನಿಂತಿದ್ದ. ಎಪ್ಪತ್ತು ದಾಟಿದೆ, ಒಂದು ಕಣ್ಣಿನ ಜಾಗ ಖಾಲಿ, ಗಲ್ಲ ಒಂದು ಕಡೆಗೆ ಸೊಟ್ಟ. ಮಡಿಕೆಯ ಗೆರೆ ಇನ್ನೂ ಮಾಸದ ಹೊಸ ಅಂಗಿ.

"ಯಾವ ಮುಖ ಹೊತ್ಕೊಂಡು ಬಂದ್ಯೋ?" ಎಂದವನೇ ಮಾವ ಎದ್ದ.

ಮೊದಲ ಹೊಡೆತಕ್ಕೇ ಮುದುಕ ಅಂಗಳಕ್ಕೆ ಬಿದ್ದ. ಮಾವ ಎದೆಯ ಮೇಲೆ ಕೂತು ಗುದ್ದತೊಡಗಿದ. ತಲೆ ಮೆಟ್ಟಿಲಿಗೆ ತಾಗಿ ತಾಗಿ ಸದ್ದಾಗುತ್ತಿತ್ತು. "ಯಾರಾದ್ರೂ ಹಿಡೀರಿ," ಎಂದರು ಮುಖ್ಯಸ್ಥರು. ಯಾರೂ ಹಿಡಿಯಲಿಲ್ಲ. ಅಪ್ಪ ಕೈ ಅಡ್ಡ ತರಲಿಲ್ಲ. ಮಗಳು ನೋಡುತ್ತ ನಿಂತಳು. ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು, ಅವಳು ಹೇಳಲಿಲ್ಲ. ಪ್ರತಿ ಗುದ್ದಿಗೂ ಎದೆಯೊಳಗೆ ಏನೋ ಹಗುರಾಗುತ್ತಿತ್ತು. ಅದು ಗೊತ್ತಾದಾಗಲೇ ಅವಳು ಮೆಟ್ಟಿಲಿಳಿದಳು. ಮಾವನ ಗೆಣ್ಣು ಮೆಟ್ಟಿಲಿಗೆ ಬಡಿದು ಮುರಿದ ಸದ್ದು ಕೇಳಿಸಿತು.

"ಸಾಕು ಮಾವ."

"ಇವನಿಗೆ ಇಷ್ಟು ಸಾಕೇನೇ?"

"ಅವನಿಗಲ್ಲ. ನನಗೆ ಸಾಕು."

ಅಪ್ಪ ಬಾಯಿಂದ ಹಲ್ಲು ಉಗುಳಿ ಎದ್ದು ಕೂತ. "ಹೆಗಲು ಕೊಟ್ಟು ಹೋಗೋಣ ಅಂತ ಬಂದೆ," ಎಂದ, ಸೊಟ್ಟ ಬಾಯಲ್ಲಿ.

"ಇವರು ಯಾರಮ್ಮ?" ಎಂದರು ಮುಖ್ಯಸ್ಥರು.

"ನಮ್ಮಪ್ಪ ಸಾರ್. ಅಮ್ಮನ ಕೈ ಮೃದು ಅಂದ್ರಲ್ಲ, ಈ ದವಡೆ ನೋಡಿ. ಇದೂ ಅವಳ ಕೈ ಕೆಲಸಾನೇ."

ಅವರು ನೋಡಿದರು.

ಅಮ್ಮನ ಶವದ ಪೆಟ್ಟಿಗೆ ಎತ್ತುವ ಹೊತ್ತಾಯಿತು. ಮಾವನ ಕೈ ಊದಿ ಬುತ್ತಿಗಂಟಿನಂತಾಗಿತ್ತು, ಪೆಟ್ಟಿಗೆಗೆ ಅವನು ಹೆಗಲು ಕೊಡಬೇಕಿದ್ದ ಮೂಲೆ ಖಾಲಿ. ಅಪ್ಪ ಅತ್ತ ಕೈ ಚಾಚಿದ.

"ಮುಟ್ಟಬೇಡ," ಎಂದಳು ಮಗಳು, ತಾನೇ ಹೆಗಲು ಕೊಟ್ಟಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು.

ಗಾಳಿಗೆ ಅಂಗಳದ ಕಬ್ಬಿಣದ ಗೇಟು ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅಪ್ಪ ಕುಂಟುತ್ತ ಮುಂದೆ ಹೋಗಿ ಅದನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತ. ಪೆಟ್ಟಿಗೆ ದಾಟಿತು, ಚಿಕ್ಕಮ್ಮ ದಾಟಿದಳು, ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಬಾ ಎಂದು ಯಾರೂ ಕರೆಯಲಿಲ್ಲ. ರಸ್ತೆ ತಿರುಗುವಲ್ಲಿ ಮಗಳು ಹೆಗಲು ಬದಲಿಸುವಾಗ ಕಣ್ಣು ಅತ್ತ ಹೋಯಿತು. ದಾಟಲು ಇನ್ನು ಯಾರೂ ಉಳಿದಿರಲಿಲ್ಲ. ಅವನು ಮಾತ್ರ ಗೇಟನ್ನು ಪೂರ್ತಿ ತೆರೆದು ಹಿಡಿದುಕೊಂಡೇ ನಿಂತಿದ್ದ. ಹೊಸ ಅಂಗಿಯ ಮುಂಭಾಗವೆಲ್ಲ ಕೆಂಪಾಗಿತ್ತು.