ಫಲಕದ ಮೊದಲ ಸಾಲು

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದವರು ಶಿವಶಂಕರಪ್ಪ, ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು. ಅವರ ಹಿಂದೆ ಕೆಳಗಿನ ಮನೆಯ ಮಂಜುಶ್ರೀ, ಸೊಂಟದ ಮೇಲೆ ಎಂಟು ತಿಂಗಳ ಮಗು. ರವೀಂದ್ರನಗರದ ಈ ಕಟ್ಟಡದಲ್ಲಿ ಒಂಬತ್ತು ಮನೆಗಳಿವೆ, ಲಿಫ್ಟ್ ಇಲ್ಲ. ನಮ್ಮದು ಮೂರನೆಯ ಮಹಡಿ. ಅಧ್ಯಕ್ಷರು ಗೋಡೆಗೆ ಕೈಕೊಟ್ಟು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು.

“ಒಂದು ಸಹಿ ಬೇಕಿತ್ತಮ್ಮ.”

ಕಾಗದದಲ್ಲಿ ಹೆಚ್ಚೇನೂ ಇರಲಿಲ್ಲ. ಮೆಟ್ಟಿಲು, ತಾರಸಿ, ಪಾರ್ಕಿಂಗ್, ಬಾಲ್ಕನಿ, ಎಲ್ಲಿಯೂ ಬೀಡಿ ಸಿಗರೇಟು ಸೇದಬಾರದು. ನಾಲ್ಕು ಮನೆಯವರು ಸಹಿ ಮಾಡಿದ್ದರು. ನಾಲ್ಕು ಮನೆಯವರು ಆಗುವುದಿಲ್ಲ ಎಂದಿದ್ದರು.

“ನಮ್ಮ ಪಕ್ಕದ ಲೋಹಿತ್ ಇದಾರಲ್ಲ, ಬಾಲ್ಕನಿ ನಂದು, ನಾನು ಏನಾದ್ರೂ ಮಾಡ್ತೀನಿ ಅಂತಾರೆ,” ಎಂದಳು ಮಂಜುಶ್ರೀ. “ಬಾಲ್ಕನಿ ನೀವೇ ಇಟ್ಕೊಳಿ ಮಾರಾಯ್ರೆ, ಹೊಗೇನೂ ನೀವೇ ಇಟ್ಕೊಳಿ ಅಂದೆ. ಈ ಮಗು ರಾತ್ರಿಯೆಲ್ಲ ಕೆಮ್ಮುತ್ತೆ.”

ಮಗು ನನ್ನನ್ನೇ ನೋಡುತ್ತಿತ್ತು.

“ನೀವು ಸಹಿ ಮಾಡಿದ್ರೆ ಐದಾಗುತ್ತೆ. ನಿಮ್ಮ ಮಾತಿಗೆ ಒಂದು ತೂಕಾನೂ ಇದೆ,” ಎಂದು ಶಿವಶಂಕರಪ್ಪ ಮೊಬೈಲ್ ತೆಗೆದರು. “ಬೋರ್ಡ್ ಆಗ್ಲೇ ಬರೆಸಿದೀನಿ. ತಾರಸಿ ಬಾಗಿಲಿಗೆ ಹಾಕೋಣ ಅಂತ. ನೋಡಿ.”

ಹಳದಿ ತಗಡಿನ ಮೇಲೆ ಕೆಂಪು ಅಕ್ಷರ. ಮೊದಲ ಸಾಲಿನಲ್ಲಿ ನನ್ನ ಗಂಡನ ಹೆಸರು: ದಿವಂಗತ ಯೋಗರಾಜ್ ಅವರ ಸ್ಮರಣಾರ್ಥ. ಅದರ ಕೆಳಗೆ: ಧೂಮಪಾನ ನಿಷೇಧಿಸಲಾಗಿದೆ.

ನಮ್ಮ ಊರುಗಳಲ್ಲಿ ಸತ್ತವರ ಹೆಸರಿನಲ್ಲಿ ಕಲ್ಲುಬೆಂಚು ಹಾಕಿಸುತ್ತಾರೆ, ಶಾಲೆಗೆ ಗಡಿಯಾರ, ದೇವಸ್ಥಾನಕ್ಕೆ ಫ್ಯಾನು ಕೊಡುತ್ತಾರೆ. ಶಿವಶಂಕರಪ್ಪ ಅಷ್ಟೇ ಗೌರವದಿಂದ ಇದನ್ನು ಬರೆಸಿದ್ದರು. ಅದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

“ಅವರು ಸೇದ್ತಿರಲಿಲ್ಲ,” ಎಂದೆ.

“ಶ್ವಾಸಕೋಶದ ಕ್ಯಾನ್ಸರ್ ಅಲ್ವಾ ಆಗಿದ್ದು?”

“ಹೌದು. ಆದ್ರೆ ಸೇದ್ತಿರಲಿಲ್ಲ.”

ಅವರು ಮಂಜುಶ್ರೀಯ ಕಡೆ ನೋಡಿದರು. ಹೆಂಡತಿಯಾದವಳು ಹೀಗೆಯೇ ಹೇಳುತ್ತಾಳೆ ಎಂಬಂತೆ ಇಬ್ಬರೂ ತಲೆಯಾಡಿಸಿದರು. ಆಗಲೇ ಮಾವ ತಾರಸಿಯಿಂದ ಇಳಿದು ಬಂದರು.

ಮಾವನ ಹೆಸರು ಧರ್ಮಪ್ಪ. ಭದ್ರಾವತಿಯ ಒಂದು ಎರಕದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಭಟ್ಟಿಯ ಮುಂದೆ ಕೆಲಸ ಮಾಡಿದವರು. ಹೋದ ವರ್ಷ ಮಗನ ತಿಥಿಗೆಂದು ಬಂದವರು ಇಲ್ಲಿಯೇ ಉಳಿದರು. ಉಳಿಯಿರಿ ಎಂದು ನಾನು ಹೇಳಲಿಲ್ಲ, ಉಳಿಯುತ್ತೇನೆ ಎಂದು ಅವರೂ ಹೇಳಲಿಲ್ಲ. ಒಂದನೆಯ ತರಗತಿಯಲ್ಲಿರುವ ನನ್ನ ಮಗಳು ಮೈತ್ರಿಯನ್ನು ಶಾಲೆಗೆ ಬಿಟ್ಟು, ಕರೆತಂದು, ಊಟಕ್ಕೆ ಹಾಕುವವರು ಅವರೇ. ಅವರಿಲ್ಲದಿದ್ದರೆ ನಾನು ಕಾಲೇಜಿಗೆ ಪಾಠಕ್ಕೆ ಹೋಗುವಂತಿಲ್ಲ. ದಿನಕ್ಕೆ ನಾಲ್ಕು ಸಲ ಅವರು ತಾರಸಿ ಹತ್ತಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಬೀಡಿ ಸೇದುತ್ತಾರೆ.

“ನೋಡಿ ಯಜಮಾನ್ರೆ, ನಿಮ್ಮ ಮಗನ ಹೆಸರಲ್ಲೇ ಮಾಡ್ತಿದೀವಿ. ಇನ್ನು ನೀವೂ ಸ್ವಲ್ಪ ಸಹಕರಿಸಬೇಕು,” ಎಂದು ಶಿವಶಂಕರಪ್ಪ ಮೊಬೈಲನ್ನು ಅವರ ಮುಂದೆ ಹಿಡಿದರು.

ಮಾವ ಕಣ್ಣಿನ ಹತ್ತಿರ ತಂದುಕೊಂಡು ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು.

“ಅಕ್ಷರ ಚೆನ್ನಾಗಿದೆ,” ಎಂದು ಹೇಳಿ ಒಳಗೆ ಹೋದರು.

ನಾಳೆ ಹೇಳುತ್ತೇನೆ ಎಂದು ನಾನು ಬಾಗಿಲು ಹಾಕಿಕೊಂಡೆ. ಆ ದಿನ ಅವರು ಮತ್ತೆ ತಾರಸಿಗೆ ಹೋಗಲಿಲ್ಲ. ನಾನೂ ಏನೂ ಕೇಳಲಿಲ್ಲ. ಕೇಳಲು ಬೇಕಾದ ಶಕ್ತಿಯನ್ನು ಎಲ್ಲಿಂದ ತರಬೇಕು ಎಂದು ತಿಳಿಯಲಿಲ್ಲ.

ಸೋಮವಾರ ಮೂರೂವರೆಗೆ ಮಂಜುಶ್ರೀ ಕಾಲೇಜಿಗೆ ಫೋನ್ ಮಾಡಿದಳು. “ಮೈತ್ರಿ ನಮ್ಮನೇಲಿದಾಳೆ. ನಿಮ್ಮ ಮಾವ ಬಿಟ್ಟು ಹೋದ್ರು. ಊರಿಗೆ ಹೋಗ್ತೀನಿ ಅಂದ್ರು. ಮನೆ ಕೀಲಿಕೈನೂ ಕೊಟ್ಟೋಗಿದಾರೆ ಮೇಡಂ.”

ಕೊನೆಯ ತರಗತಿಯನ್ನು ಬಿಟ್ಟು ಭದ್ರಾವತಿಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಷ್ಟು ದೂರವೂ ಕಣ್ಣು ಮುಚ್ಚಿಕೊಂಡೇ ಇದ್ದೆ, ನಿದ್ದೆ ಬರಲಿಲ್ಲ.

ಮಾವನ ಮನೆಗೆ ಬೀಗ ಹಾಕಿತ್ತು. ಅವರು ಎರಕದ ಕಾರ್ಖಾನೆಯ ಎದುರಿನ ಚಹಾದ ಅಂಗಡಿಯಲ್ಲಿ ಕೂತಿದ್ದರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ, ಅಂಗಡಿ ಮಾತ್ರ ಇದೆ. ಅದನ್ನು ನಡೆಸುವವರು ಹೂವಪ್ಪ, ಮಾವನ ಜೊತೆ ಅದೇ ಭಟ್ಟಿಯಲ್ಲಿ ಇದ್ದವರು.

“ಬಾರಮ್ಮ. ನಿಮ್ಮ ಮಾವ ಬಂದಾಗಿಂದ ಒಂದು ಬೀಡಿ ಹಚ್ಚಿಲ್ಲ. ಇಂಥ ಗಿರಾಕಿಗಳನ್ನ ಕಳಿಸಿದ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ,” ಎಂದರು ಹೂವಪ್ಪ.

ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಮಾವ ನನ್ನತ್ತ ನೋಡಲಿಲ್ಲ.

“ಮೈತ್ರಿ ಊಟ ಮಾಡಿದಾಳೆ. ಮೊಸರನ್ನ ಹಾಕಿದ್ದೆ,” ಎಂದರು.

“ಗೊತ್ತು.”

ಹೂವಪ್ಪ ಚಹಾ ತಂದಿಟ್ಟರು. “ಇವನಿಗೆ ಬೀಡಿ ಕಲಿಸಿದ್ದೇ ನಾನು, ಗೊತ್ತೇನಮ್ಮ? ಆಗ ಭಟ್ಟಿ ಮುಂದೆ ಒಂದು ಪದ್ಧತಿ ಇತ್ತು. ನಡುವೆ ಹತ್ತು ನಿಮಿಷ ಬಿಡುವು, ಅದೂ ಬೀಡಿ ಸೇದೋರಿಗೆ ಮಾತ್ರ. ಮೇಸ್ತ್ರಿ ಬಂದು ಸೇದೋರು ಕೈ ಎತ್ರೋ ಅನ್ನೋನು. ಸೇದದೇ ಇರೋನಿಗೆ ಹೊರಗೇನು ಕೆಲಸ ಅಂತ. ಈ ಮಂಕ ಎರಡು ವರ್ಷ ಕೈ ಎತ್ತದೆ ನಿಂತಿದ್ದ. ಒಂದು ಬೇಸಿಗೇಲಿ ತಲೆ ಸುತ್ತಿ ಬಿದ್ದ. ಆಮೇಲೆ ನಾನೇ ಕೈ ಹಿಡಿದು ಎತ್ತಿಸಿದೆ.”

“ಮೊದಮೊದಲು ಸುಮ್ಮನೆ ಹಚ್ಚಿ ಕೈಯಲ್ಲಿ ಇಟ್ಕೊಂಡಿರ್ತಿದ್ದೆ,” ಎಂದರು ಮಾವ.

“ಎಷ್ಟು ದಿನ? ನಾಲ್ಕು ದಿನ!” ಹೂವಪ್ಪ ನಕ್ಕರು. ನಾವಿಬ್ಬರೂ ನಗಲಿಲ್ಲ. ಅವರು ಲೋಟ ತೊಳೆಯಲು ಒಳಗೆ ಹೋದರು.

ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಧೂಳು ಕೂರುವವರೆಗೆ ಮಾವ ಕಾದರು.

“ಒಂದೇ ಕೋಣೆ ಮನೆ. ಯೋಗ ನನ್ನ ಮಗ್ಗುಲಲ್ಲೇ ಮಲಗ್ತಿದ್ದ. ಚಳಿ ಅಂತ ಕಿಟಕಿ ಮುಚ್ಚಿಕೊಂಡು ಸೇದ್ತಿದ್ದೆ.” ಅವರು ಅಂಗೈಯನ್ನು ಮಂಡಿಗೆ ಒರೆಸಿಕೊಂಡರು. “ಡಾಕ್ಟ್ರು ಏನಾದ್ರೂ ಕೇಳಿದ್ರಾ ಗೌರಿ? ಮನೇಲಿ ಯಾರಾದ್ರೂ ಸೇದ್ತಾರಾ ಅಂತ?”

ಕೇಳಿದ್ದರು. ಮೊದಲ ದಿನವೇ ಕೇಳಿದ್ದರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ.

“ಕೇಳಿದ್ರು.”

“ಏನಂದ?”

“ಇಲ್ಲ, ಯಾರೂ ಸೇದಲ್ಲ ಅಂದ್ರು.”

ಮಾವ ತಲೆ ತಗ್ಗಿಸಿದರು. ಅವರ ಹೆಗಲು ಒಮ್ಮೆ ಅಲುಗಿತು, ಅಷ್ಟೆ. ತಲೆ ಎತ್ತದೆಯೇ ಕೇಳಿದರು.

“ನನ್ನಿಂದಾನೇ ಆಯ್ತಾ?”

ಇಲ್ಲ ಎನ್ನಬಹುದಿತ್ತು. ಒಂದು ಪದ. ಆದರೆ ಒಂದು ವರ್ಷದಿಂದ ಎಲ್ಲರಿಗೂ ಅವರವರಿಗೆ ಬೇಕಾದ ಉತ್ತರವನ್ನೇ ಕೊಟ್ಟು ನನಗೆ ಸಾಕಾಗಿತ್ತು.

“ಗೊತ್ತಿಲ್ಲ ಮಾವ. ಡಾಕ್ಟ್ರಿಗೂ ಗೊತ್ತಿಲ್ಲ. ಹೌದು ಅಂತಾನೂ ಹೇಳಕ್ಕಾಗಲ್ಲ, ಇಲ್ಲ ಅಂತಾನೂ ಹೇಳಕ್ಕಾಗಲ್ಲ.”

ಅವರು ನನ್ನ ಮುಖವನ್ನು ನೋಡಿದರು. ಸಿಟ್ಟು ಹುಡುಕುತ್ತಿದ್ದರೇನೋ. ಸಿಟ್ಟು ನನ್ನಲ್ಲಿಯೂ ಎಲ್ಲೋ ಇರಬೇಕು, ಆದರೆ ಅದು ನನ್ನ ಕೈಗೆ ಸಿಗುತ್ತಿಲ್ಲ.

“ನಾಳೆ ಮೈತ್ರಿಗೆ ಶಾಲೆ ಇದೆ. ಬನ್ನಿ,” ಎಂದೆ.

“ಆ ಬೋರ್ಡಿನ ಕೆಳಗೆ ಹೆಂಗೆ ಓಡಾಡ್ಲಿ ಮಾರಾಯ್ತಿ?”

“ಆ ಹೆಸರು ಇರಲ್ಲ. ನಿಯಮ ಮಾತ್ರ ಇರುತ್ತೆ. ನಾನು ಸಹಿ ಹಾಕ್ತೀನಿ.”

ಅವರು ಬೆಂಚಿನಿಂದ ಎದ್ದರು.

“ಹಾಕು. ಆ ಮಗು ಕೆಮ್ಮೋದು ನಂಗೂ ಕೇಳುತ್ತೆ,” ಎಂದರು.

ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂರದೆ ಹಿಂದಿನ ಸೀಟಿನಲ್ಲಿ ಕೂತರು. ಅಂಗಿಯಲ್ಲಿ ಬೀಡಿ ವಾಸನೆ ಇದೆ ಎಂದರು.

ಮಾವ ಮೈತ್ರಿಯನ್ನು ಕರೆದುಕೊಂಡು ಮೇಲೆ ಹೋದರು. ಮಂಜುಶ್ರೀಯ ಮನೆಯ ಬಾಗಿಲಲ್ಲೇ ಸಿಕ್ಕ ಶಿವಶಂಕರಪ್ಪ ಸುಲಭವಾಗಿ ಒಪ್ಪಲಿಲ್ಲ. “ಬರೆಸಾಯ್ತಲ್ಲಮ್ಮ. ಹೆಸರಿದ್ರೆ ಜನ ಹೆದರ್ತಾರೆ. ಲೋಹಿತ್ ಅಂಥೋರು ಕೂಡ ಒಂದು ಸಲ ಯೋಚನೆ ಮಾಡ್ತಾರೆ.”

“ಹೆದರಿಸೋದಕ್ಕೆ ನನ್ನ ಗಂಡ ಬೇಡ.”

“ನಾವು ಗೌರವಕ್ಕೇ ಮಾಡಿದ್ದು.”

“ಗೊತ್ತು. ಅವರು ಒಂದು ದಿನವೂ ಸೇದಿದವರಲ್ಲ. ಹೆಸರು ತೆಗೆಸಿ, ಈಗಲೇ ಸಹಿ ಹಾಕ್ತೀನಿ.”

ಅವರು ಇನ್ನೂ ಏನೋ ಹೇಳಲಿದ್ದರು. ಮಂಜುಶ್ರೀ ಒಳಗಿನಿಂದ ಮೈತ್ರಿಯ ಚೀಲ ತಂದುಕೊಡುತ್ತಾ, “ತೆಗೆಸಿ ಸರ್, ಆ ಯಜಮಾನ್ರು ದಿನಾ ಅಲ್ಲೇ ಓಡಾಡಬೇಕು,” ಎಂದಳು. ಅಧ್ಯಕ್ಷರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಪೆನ್ನು ಕೊಟ್ಟರು.

ಮೇಲೆ ಬಂದಾಗ ಮಾವ ಮೈತ್ರಿಗೆ ಕಾಗುಣಿತ ಬರೆಸುತ್ತಿದ್ದರು.

“ಆಯ್ತಾ?”

“ಆಯ್ತು. ತಾರಸಿ ಇಲ್ಲ, ಮೆಟ್ಟಿಲೂ ಇಲ್ಲ. ಗೇಟಿನ ಹೊರಗೆ ಹೋಗಬೇಕು.”

“ಮೂರು ಮಹಡಿ,” ಎಂದರು ಮಾವ. ಮಂಡಿಗೆ ಕೈಯೂರಿ ಎದ್ದು ಚಪ್ಪಲಿ ಹಾಕಿಕೊಂಡರು. ಅವರು ಇಳಿಯುವ ಸದ್ದು ಒಂದೊಂದೇ ಮೆಟ್ಟಿಲಾಗಿ ಕೇಳಿಸಿತು. ಹತ್ತುವುದಕ್ಕೆ ಇನ್ನೂ ಹೊತ್ತು ಬೇಕು. ನಾನು ಚಿಲಕ ಹಾಕದೆ ಬಾಗಿಲನ್ನು ಮುಂದೆ ಮಾಡಿ, ಮೂವರಿಗೆ ಅನ್ನಕ್ಕಿಟ್ಟೆ.